ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ ಹಳ್ಳಿಮನೆ: ಓದುವ, ದಾಖಲಿಸುವ, ದುರಸ್ತಿ ಮಾಡುವ ಕ್ರಮ

ರೊಮೇನಿಯಾ ದೇಶದ ನಡುವೆ ಕಾರ್ಪೇಥಿಯನ್ ಬೆಟ್ಟಸಾಲು ಬಳಸಿಕೊಂಡಿರುವ ನಾಡು ಟ್ರಾನ್ಸಿಲ್ವೇನಿಯಾ. ಅದರ ದಕ್ಷಿಣ ಭಾಗದಲ್ಲಿ, ಸಿಬಿಯು, ಬ್ರಾಶೋವ್ ಮತ್ತು ಸಿಗಿಶ್ವಾರಾ ಪಟ್ಟಣಗಳ ನಡುವಣ ಕಣಿವೆಗಳಲ್ಲಿ, ಜರ್ಮನ್ ಮೂಲದ ಸ್ಯಾಕ್ಸನ್ ಜನರು ಕಟ್ಟಿದ ಹಳ್ಳಿಗಳು ಇಂದಿಗೂ ಬಹುಮಟ್ಟಿಗೆ ಹಳೆಯ ವಿನ್ಯಾಸದಲ್ಲೇ ಉಳಿದಿವೆ. ಅಲ್ಲಿಗೆ ಅಧ್ಯಯನಕ್ಕೆ ಹೋಗುವ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ, ದುರಸ್ತಿ ಶಿಬಿರಗಳಿಗೆ ಸ್ವಯಂಸೇವಕರಾಗಿ ಸೇರುವವರಿಗೆ ಮತ್ತು ಯುರೋಪಿನಲ್ಲಿ ನೆಲೆಸಿ ಅಂಥದೊಂದು ಹಳೆಯ ಮನೆಯನ್ನು ಕೊಳ್ಳಬೇಕೆಂದಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಖಾಲಿಬಿದ್ದು ಸೋರುತ್ತಿರುವ ಮನೆ ಎಷ್ಟು ಅಪಾಯದಲ್ಲಿದೆಯೋ, ಒಳ್ಳೆಯ ಮನಸ್ಸಿನಿಂದಲೇ ಆದರೂ ಅವಸರದಲ್ಲಿ ಸಿಮೆಂಟು ಮೆತ್ತಿಸಿಕೊಂಡ ಮನೆಯೂ ಅಷ್ಟೇ ಅಪಾಯದಲ್ಲಿದೆ. ಆದ್ದರಿಂದ ಇಲ್ಲಿ ಕೆಲಸದಷ್ಟೇ ಕೆಲಸದ ಕ್ರಮವೂ ಮುಖ್ಯವಾಗುತ್ತದೆ.

ಹೋಗುವ ಮುನ್ನ ತಿಳಿದಿರಬೇಕಾದ ಹಿನ್ನೆಲೆ

ಹನ್ನೆರಡನೆಯ ಶತಮಾನದ ಮಧ್ಯದಲ್ಲಿ, 1141ರಿಂದ 1162ರವರೆಗೆ ಆಳಿದ ಹಂಗೇರಿಯ ದೊರೆ ಎರಡನೆಯ ಗೇಜಾ, ತನ್ನ ರಾಜ್ಯದ ಪೂರ್ವದ ಗಡಿಯನ್ನು ಕಾಯಲು ಮತ್ತು ಕಾಡು ಕಡಿದು ಸಾಗುವಳಿ ಮಾಡಲು ರೈನ್ ಮತ್ತು ಮೊಸೆಲ್ ನದಿಗಳ ಸೀಮೆಯಿಂದ ರೈತರನ್ನೂ ಕುಶಲಕರ್ಮಿಗಳನ್ನೂ ಕರೆಸಿಕೊಂಡನು. ಅವರಲ್ಲಿ ಹೆಚ್ಚಿನವರು ಇಂದಿನ ಜರ್ಮನಿಯ ಸ್ಯಾಕ್ಸನಿ ಪ್ರಾಂತದವರಲ್ಲ. ಲ್ಯಾಟಿನ್ ದಾಖಲೆಗಳಲ್ಲಿ ಹತ್ತಿದ ಸ್ಯಾಕ್ಸನ್ ಎಂಬ ಹೆಸರು ಹಾಗೆಯೇ ಉಳಿದುಕೊಂಡಿತು. 1224ರಲ್ಲಿ ದೊರೆ ಎರಡನೆಯ ಆಂಡ್ರೂ ಹೊರಡಿಸಿದ ಸನ್ನದು ಸಿಬಿಯು ಸೀಮೆಯ ಈ ಜನರಿಗೆ ತಮ್ಮ ನ್ಯಾಯಾಧಿಪತಿಗಳನ್ನೂ ಪಾದ್ರಿಗಳನ್ನೂ ತಾವೇ ಆರಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಊಳಿಗಮಾನ್ಯ ಒಡೆಯನಿಗೆ ಅಡಿಯಾಳಾಗದ ರೈತನು ಕಟ್ಟಿಸಿದ ಮನೆ ಇದು ಎಂಬುದನ್ನು ನೆನಪಿಟ್ಟುಕೊಂಡರೆ, ಬೀದಿಯುದ್ದಕ್ಕೂ ಮನೆಗಳ ಅಳತೆ ಏಕೆ ಹೆಚ್ಚುಕಡಿಮೆ ಒಂದೇ ಆಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

1241ರ ಮಂಗೋಲರ ದಾಳಿಯ ನಂತರ, ಅದಕ್ಕಿಂತ ಹೆಚ್ಚಾಗಿ ಹದಿನೈದನೆಯ ಶತಮಾನದ ತುರ್ಕರ ದಾಳಿಗಳ ಕಾಲದಲ್ಲಿ, ಹಳ್ಳಿಗರು ತಮ್ಮ ಚರ್ಚುಗಳ ಸುತ್ತ ಕೋಟೆ ಕಟ್ಟಿಕೊಂಡರು. ಬಿಯೆರ್ತಾನ್ ಹಳ್ಳಿಯು 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಪ್ರೆಜ್ಮೆರ್, ವಿಸ್ಕ್ರಿ, ಸಸ್ಕಿಜ್, ವಾಲೆಯಾ ವಿಯಿಲೋರ್, ಕಿಲ್ನಿಕ್ ಮತ್ತು ದೀರ್ಜಿಯು ಸೇರಿ ಹಳ್ಳಿಗಳ ಸಂಖ್ಯೆ ಏಳಾಯಿತು. ಇವುಗಳಲ್ಲಿ ದೀರ್ಜಿಯು ಮಾತ್ರ ಹಂಗೇರಿಯನ್ ಭಾಷಿಕರಾದ ಸೆಕ್ಲರ್ ಜನರದ್ದು.

ಇತ್ತೀಚಿನ ಇತಿಹಾಸವನ್ನು ಓದುವಾಗ ಮನಸ್ಸು ಭಾರವಾಗುತ್ತದೆ. 1945ರ ಜನವರಿಯಲ್ಲಿ ದುಡಿಯುವ ವಯಸ್ಸಿನ ಸಾವಿರಾರು ಸ್ಯಾಕ್ಸನ್ ಗಂಡಸರನ್ನೂ ಹೆಂಗಸರನ್ನೂ ಸೋವಿಯತ್ ಒಕ್ಕೂಟದ ಶ್ರಮಶಿಬಿರಗಳಿಗೆ ಸಾಗಿಸಲಾಯಿತು. ಅದೇ ವರ್ಷದ ಭೂಸುಧಾರಣೆಯಲ್ಲಿ ಅವರ ಹೊಲಗಳು ಕೈತಪ್ಪಿದವು. ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತವು ಪಶ್ಚಿಮ ಜರ್ಮನಿಯಿಂದ ತಲೆಗಿಷ್ಟೆಂದು ಹಣ ಪಡೆದು ಇವರನ್ನು ದೇಶದಿಂದ ಹೊರಗೆ ಬಿಡುತ್ತಿತ್ತು. ಆ ಆಡಳಿತ ಉರುಳಿದ ಮೇಲೆ, 1990ರ ಒಂದೇ ವರ್ಷದಲ್ಲಿ, ರೊಮೇನಿಯಾದಿಂದ ಒಂದು ಲಕ್ಷಕ್ಕೂ ಹೆಚ್ಚು ಜರ್ಮನ್ ಮೂಲದವರು ಜರ್ಮನಿಗೆ ಹೊರಟುಹೋದರು. ಎಂಟು ಶತಮಾನ ಬಾಳಿದ ಊರುಗಳು ಕೆಲವೇ ತಿಂಗಳಲ್ಲಿ ಬರಿದಾದವು. ಇಂದು ಆ ಮನೆಗಳಲ್ಲಿ ರೊಮೇನಿಯನ್ ಮತ್ತು ರೋಮಾ (ಜಿಪ್ಸಿ) ಕುಟುಂಬಗಳಿವೆ, ಅಲ್ಲಲ್ಲಿ ಉಳಿದುಕೊಂಡ ಕೆಲವೇ ಸ್ಯಾಕ್ಸನ್ ಹಿರಿಯರಿದ್ದಾರೆ, ಬೇಸಿಗೆಯಲ್ಲಿ ಮಾತ್ರ ಬಂದು ಬಾಗಿಲು ತೆರೆಯುವ ವಲಸಿಗರ ಮಕ್ಕಳಿದ್ದಾರೆ. ನೀವು ಮಾತನಾಡಿಸಬೇಕಾದದ್ದು ಇವರೆಲ್ಲರನ್ನು.

ಮೊದಲ ಹೆಜ್ಜೆ: ಮನೆಗಿಂತ ಮೊದಲು ಬೀದಿಯನ್ನು ಓದಿ

ನೇರವಾಗಿ ಒಂದು ಮನೆಯ ಮುಂದೆ ಹೋಗಿ ನಿಲ್ಲಬೇಡಿ. ಚರ್ಚಿನ ಕೋಟೆ ಇರುವ ದಿಬ್ಬದ ಮೇಲೆ ನಿಂತು ಊರನ್ನು ಒಮ್ಮೆ ಮೇಲಿನಿಂದ ನೋಡಿ. ಬೀದಿ ಅಗಲವಾಗಿರುತ್ತದೆ, ಎಷ್ಟೋ ಊರುಗಳಲ್ಲಿ ಅದರ ನಡುವೆ ಅಥವಾ ಬದಿಯಲ್ಲಿ ತೊರೆಯೊಂದು ಹರಿಯುತ್ತದೆ. ಬೀದಿಗೆ ಹತ್ತಿಕೊಂಡು ಕಿರಿದಾದ, ಬಹಳ ಉದ್ದವಾದ ನಿವೇಶನಗಳು ಸಾಲಾಗಿ ಹಿಂದಕ್ಕೆ ಚಾಚಿರುತ್ತವೆ. ಪ್ರತಿ ನಿವೇಶನದಲ್ಲೂ ಅನುಕ್ರಮ ಒಂದೇ: ಬೀದಿಯ ಅಂಚಿಗೆ ಮನೆ, ಅದರ ಹಿಂದೆ ಕೊಟ್ಟಿಗೆ, ನಿವೇಶನದ ಅಗಲಕ್ಕೂ ಅಡ್ಡವಾಗಿ ನಿಂತ ದೊಡ್ಡ ಹುಲ್ಲಿನ ಕಣಜ, ಅದರಾಚೆ ತರಕಾರಿ ತೋಟ, ಕೊನೆಯಲ್ಲಿ ಹಣ್ಣಿನ ಮರಗಳು. ಕಣಜಗಳೆಲ್ಲ ಒಂದರ ಪಕ್ಕ ಒಂದು ನಿಂತು ಊರಿನ ಹಿಂಬದಿಗೆ ಎರಡನೆಯ ಗೋಡೆಯಂತೆ ಕಾಣುತ್ತವೆ.

ಬೀದಿಗಿಳಿದ ಮೇಲೆ ಮನೆಗಳ ಮುಖವನ್ನು ಗಮನಿಸಿ. ಮಾಡಿನ ತ್ರಿಕೋನ ಗೋಡೆಯೇ ಬೀದಿಗೆ ಮುಖಮಾಡಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಕಿಟಕಿ, ಮೇಲೆ ಅಟ್ಟಕ್ಕೆ ಗಾಳಿ ಬಿಡುವ ಚಿಕ್ಕ ಕಂಡಿಗಳು. ಮನೆಗೂ ಪಕ್ಕದ ಮನೆಗೂ ನಡುವಿನ ತೆರವನ್ನು ಎತ್ತರದ ಕಾಂಪೌಂಡು ಗೋಡೆ ಮುಚ್ಚುತ್ತದೆ. ಅದರಲ್ಲಿ ಹುಲ್ಲು ತುಂಬಿದ ಗಾಡಿ ಹಿಡಿಸುವಷ್ಟು ದೊಡ್ಡ ಹೆಬ್ಬಾಗಿಲು, ಅದರ ಪಕ್ಕದಲ್ಲಿ ಆಳು ಹೋಗುವಷ್ಟಿನ ದಿಡ್ಡಿಬಾಗಿಲು ಇರುತ್ತವೆ. ಮನೆ, ಬಾಗಿಲು, ಮನೆ, ಬಾಗಿಲು ಎಂದು ಸಾಗುವ ಈ ಲಯವೇ ಊರಿನ ನಿಜವಾದ ಆಸ್ತಿ. ಒಂದು ಹೆಬ್ಬಾಗಿಲನ್ನು ಕೆಡವಿ ಕಬ್ಬಿಣದ ಗೇಟು ಹಾಕಿದರೆ ಬೀದಿಗೆ ಹಲ್ಲು ಬಿದ್ದಂತಾಗುತ್ತದೆ.

ಸಾಧ್ಯವಾದರೆ ಸಂಜೆಯವರೆಗೆ ಬೀದಿಯಲ್ಲೇ ಇರಿ. ವಿಸ್ಕ್ರಿಯಂಥ ಊರುಗಳಲ್ಲಿ ಬೇಸಿಗೆಯ ಸಂಜೆ ಮೇವಿನ ಬೆಟ್ಟದಿಂದ ಹಸುಗಳ ಹಿಂಡು ಇಳಿದು ಬರುತ್ತದೆ, ಪ್ರತಿ ಹಸುವೂ ತನ್ನ ಮನೆಯ ಬಾಗಿಲನ್ನು ತಾನೇ ಗುರುತಿಸಿ ಹಿಂಡಿನಿಂದ ಬೇರೆಯಾಗಿ ಒಳಗೆ ನಡೆಯುತ್ತದೆ. ನಮ್ಮ ಊರುಗಳ ಗೋಧೂಳಿಯನ್ನು ಕಂಡವರಿಗೆ ಆ ಹೊತ್ತು ಹೊಸದೆನಿಸುವುದಿಲ್ಲ. ಹೆಬ್ಬಾಗಿಲಿನ ಅಗಲ, ಅಂಗಳದ ಇಳಿಜಾರು, ಕೊಟ್ಟಿಗೆಯ ಜಾಗ ಇವೆಲ್ಲ ಏಕೆ ಹಾಗಿವೆ ಎಂಬುದು ನಕ್ಷೆಗಿಂತ ಚೆನ್ನಾಗಿ ಆಗ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಅಂಗಳದಿಂದ ಒಳಕ್ಕೆ

ಮನೆಯವರ ಒಪ್ಪಿಗೆ ಪಡೆದು ಒಳಗೆ ಹೋದರೆ, ಮನೆಯ ಬಾಗಿಲು ಬೀದಿಗೆ ಇಲ್ಲದೆ ಅಂಗಳದ ಕಡೆಗೆ ಇರುವುದು ಕಾಣುತ್ತದೆ. ಕೆಲವು ಮೆಟ್ಟಿಲು ಹತ್ತಿ ನಡುವಿನ ಕೋಣೆಗೆ ಕಾಲಿಡುತ್ತೀರಿ. ಹಿಂದೆ ಒಲೆ ಇದ್ದದ್ದು ಇಲ್ಲಿಯೇ. ಬೀದಿಯ ಕಡೆಗಿನ ಕೋಣೆಯು ಹಬ್ಬ, ಮದುವೆ, ಸಾವುಗಳಂಥ ಸಂದರ್ಭಕ್ಕೆ ಮೀಸಲಾದ ಒಳ್ಳೆಯ ಕೋಣೆ. ಬಣ್ಣದ ಹೂಬಳ್ಳಿ ಬರೆದ ಪೆಟ್ಟಿಗೆಗಳನ್ನೂ, ಕಸೂತಿಯ ದಿಂಬುಗಳನ್ನು ಎತ್ತರಕ್ಕೆ ಜೋಡಿಸಿದ ಮಂಚವನ್ನೂ ಅಲ್ಲಿ ಇಡುತ್ತಿದ್ದರು. ಹಿಂದಿನ ಕೋಣೆ ದಿನನಿತ್ಯದ ವಾಸಕ್ಕೆ. ಅಂಗಳದ ಎದುರು ಬದಿಯಲ್ಲಿ ಬೇಸಿಗೆಯ ಅಡುಗೆಮನೆ ಪ್ರತ್ಯೇಕವಾಗಿರುವುದುಂಟು.

ಬೀದಿಯ ಕಡೆಯ ಕೋಣೆಯ ಕೆಳಗೆ ಕಮಾನು ಕಟ್ಟಿದ ನೆಲಮಾಳಿಗೆ ಇರುತ್ತದೆ. ವಾಲೆಯಾ ವಿಯಿಲೋರ್ ಎಂಬ ಹೆಸರಿಗೇ ದ್ರಾಕ್ಷಿತೋಟಗಳ ಕಣಿವೆ ಎಂದರ್ಥ. ಅಲ್ಲಿಯ ಮತ್ತು ಬಿಯೆರ್ತಾನಿನ ನೆಲಮಾಳಿಗೆಗಳು ದ್ರಾಕ್ಷಾರಸದ ಪೀಪಾಯಿಗಳಿಗಾಗಿ ಕಟ್ಟಿದವು. ಈ ನೆಲಮಾಳಿಗೆಗೆ ಬೀದಿಯ ಮಟ್ಟದಲ್ಲಿ ಒಂದು ಚಿಕ್ಕ ಗಾಳಿಕಂಡಿ ಇರುತ್ತದೆ. ಅದು ತೆರೆದಿದೆಯೇ, ಮುಚ್ಚಿದೆಯೇ ಎಂಬುದನ್ನು ಮರೆಯದೆ ಬರೆದುಕೊಳ್ಳಿ. ಮುಂದೆ ಅದು ಬಹಳ ಮುಖ್ಯವಾಗುತ್ತದೆ.

ಮೂರನೆಯ ಹೆಜ್ಜೆ: ಕೈ ಹಚ್ಚುವ ಮುನ್ನ ದಾಖಲೆ

ಹಳೆಯ ಮನೆಯಲ್ಲಿ ಲಂಬವಾದ ಮೂಲೆ ಇರುವುದೇ ಇಲ್ಲ ಎಂದು ಭಾವಿಸಿ ಅಳತೆ ಶುರುಮಾಡಿ. ಪ್ರತಿ ಕೋಣೆಯ ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಗೋಡೆ ವಾಲಿದೆಯೇ ಎಂಬುದನ್ನು ತೂಕದ ಗುಂಡು ಇಳಿಬಿಟ್ಟು ನೋಡಬೇಕು. ಬಿರುಕು ಕಂಡಲ್ಲಿ ಅದರ ಎರಡೂ ಬದಿಗೆ ಪೆನ್ಸಿಲಿನ ಗುರುತು ಮಾಡಿ, ದಿನಾಂಕ ಬರೆದು, ಕೆಲವು ತಿಂಗಳ ನಂತರ ಮತ್ತೆ ಅಳೆಯಬೇಕು. ಹಿಗ್ಗದೆ ನಿಂತ ಬಿರುಕಿಗೂ ಇನ್ನೂ ಬಾಯಿ ಬಿಡುತ್ತಿರುವ ಬಿರುಕಿಗೂ ಚಿಕಿತ್ಸೆ ಬೇರೆ ಬೇರೆ.

ಮುಂಭಾಗದ ಗಾರೆಯ ಮೇಲೆ ಕಟ್ಟಿದ ವರ್ಷ, ಒಡೆಯನ ಹೆಸರು ಅಥವಾ ಹೆಸರಿನ ಮೊದಲಕ್ಷರ, ಬೈಬಲಿನ ಸಾಲು, ದ್ರಾಕ್ಷಿಗೊಂಚಲು ಮುಂತಾದ ಉಬ್ಬು ಅಲಂಕಾರ ಇರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ, ಹಲವು ಪದರ ಸುಣ್ಣದ ಕೆಳಗೆ ಅಡಗಿದ ಅಕ್ಷರಗಳೂ ಮೇಲೆದ್ದು ಕಾಣುತ್ತವೆ. ಮಾಸಿದ ಬಣ್ಣದ ಪದರಗಳನ್ನು ತಿಳಿಯಲು ಸೂರಿನ ಕೆಳಗಿನ ಮರೆಯಾದ ಜಾಗದಲ್ಲಿ ಬೆರಳಗಲದಷ್ಟು ಜಾಗವನ್ನು ಹರಿತವಾದ ಚಾಕುವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕೆರೆದು ನೋಡಿ. ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಬಿಳಿ ಹೀಗೆ ಮನೆಯ ವಯಸ್ಸು ಹೊರಬರುತ್ತದೆ.

ಜನರ ನೆನಪೂ ದಾಖಲೆಯೇ. ಸ್ಯಾಕ್ಸನ್ ಹಳ್ಳಿಗಳಲ್ಲಿ ಪ್ರತಿ ಬೀದಿಗೂ ನೆರೆಕೂಟವೆಂಬ ವ್ಯವಸ್ಥೆಯಿತ್ತು. ಅದಕ್ಕೊಬ್ಬ ಹಿರಿಯನಿರುತ್ತಿದ್ದ, ಸುದ್ದಿ ತಲುಪಿಸಬೇಕಾದಾಗ ನೆರೆಕೂಟದ ಮರದ ಫಲಕವನ್ನು ಮನೆಯಿಂದ ಮನೆಗೆ ದಾಟಿಸುತ್ತಿದ್ದರು. ಮನೆ ಕಟ್ಟುವಾಗ ಕೈಜೋಡಿಸುವುದು, ಬಾವಿ ತೋಡುವುದು, ಬೆಂಕಿ ನಂದಿಸುವುದು, ಸತ್ತವರಿಗೆ ಗುಂಡಿ ತೆಗೆಯುವುದು ಎಲ್ಲವೂ ಈ ಕೂಟದ ಕರ್ತವ್ಯವಾಗಿತ್ತು. ಊರಿನ ಹಿರಿಯರನ್ನು ಕೇಳಿದರೆ ಯಾವ ಬಾವಿ ಯಾವಾಗ ಮುಚ್ಚಿತು, ತೊರೆ ಎಲ್ಲಿ ಹರಿಯುತ್ತಿತ್ತು ಎಂಬ ವಿವರಗಳು ಸಿಗುತ್ತವೆ, ಮತ್ತು ನಾಲ್ಕನೆಯ ಹೆಜ್ಜೆಗೆ ಬೇಕಾದದ್ದು ಅವೇ.

ಈ ಹಂತದಲ್ಲೇ ಅನುಮತಿಯ ಕೆಲಸವನ್ನೂ ಆರಂಭಿಸಿ. ಸಾಮಾನ್ಯ ಕಟ್ಟಡ ಪರವಾನಗಿಗೆ ರೊಮೇನಿಯಾದ 1991ರ 50ನೆಯ ಕಾನೂನು, ಸ್ಮಾರಕಗಳಿಗೆ 2001ರ 422ನೆಯ ಕಾನೂನು ಅನ್ವಯಿಸುತ್ತವೆ. ಸ್ಮಾರಕವೆಂದು ಪಟ್ಟಿಯಾದ ಅಥವಾ ರಕ್ಷಿತ ವಲಯದಲ್ಲಿರುವ ಮನೆಯಾದರೆ ಸ್ಥಳೀಯ ಆಡಳಿತದ ಜೊತೆಗೆ ಸಂಸ್ಕೃತಿ ಇಲಾಖೆಯ ಒಪ್ಪಿಗೆಯೂ ಬೇಕು.

ನಾಲ್ಕನೆಯ ಹೆಜ್ಜೆ: ನೀರಿನ ದಾರಿಯನ್ನು ಸರಿಪಡಿಸಿ

ಮಳೆ ಬರುವ ದಿನ ಛತ್ರಿ ಹಿಡಿದು ಮನೆಯ ಸುತ್ತ ನಡೆಯಿರಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆಗೆ ಸಿಡಿಯುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕು. ಹಲವು ಊರುಗಳಲ್ಲಿ ದಶಕಗಳಿಂದ ರಸ್ತೆಯ ಮೇಲೆ ರಸ್ತೆ ಹಾಕಿದ್ದರಿಂದ ಬೀದಿಯ ಮಟ್ಟ ಏರಿ, ನೆಲಮಾಳಿಗೆಯ ಗಾಳಿಕಂಡಿ ಅರ್ಧ ಹೂತುಹೋಗಿರುತ್ತದೆ.

ಈ ಮನೆಗಳ ತಳಪಾಯ ಹೊಳೆಗಲ್ಲು ಮತ್ತು ಕ್ವಾರಿ ಕಲ್ಲಿನದು. ನಡುವೆ ತೇವ ತಡೆಯುವ ಪದರವಿಲ್ಲ. ನೆಲದ ತೇವ ಕಲ್ಲಿನ ಸಂದುಗಳಿಂದ ಏರಿ, ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೋಗಲೆಂದೇ ಗೋಡೆಯನ್ನು ಕಟ್ಟಿರುತ್ತಾರೆ. ಗೋಡೆಯ ಬುಡಕ್ಕೆ ಸಿಮೆಂಟು ಬಳಿದಾಗ ಆ ತೇವಕ್ಕೆ ಹೊರದಾರಿ ಇಲ್ಲವಾಗಿ ಅದು ಇನ್ನೂ ಮೇಲಕ್ಕೆ ಏರುತ್ತದೆ, ಜೊತೆಗೆ ಉಪ್ಪನ್ನು ಒಯ್ದು ಸಿಮೆಂಟಿನ ಮೇಲಂಚಿನಲ್ಲಿ ಬಿಳಿ ಹೊಟ್ಟಿನಂತೆ ಉದುರಿಸುತ್ತದೆ. ಚಳಿಗಾಲದಲ್ಲಿ ಒಳಗೆ ಸಿಕ್ಕಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕೈಯಿಂದ ಮಾಡಿದ ಮೆದು ಇಟ್ಟಿಗೆಯ ಮುಖ ಸಿಡಿದು ಬೀಳುತ್ತದೆ. ಸಿಮೆಂಟಿನ ಚಕ್ಕೆಯೊಂದನ್ನು ಎಬ್ಬಿಸಿದರೆ ಹಿಂದಿನ ಇಟ್ಟಿಗೆ ಬೆರಳಿಗೆ ಪುಡಿಪುಡಿಯಾಗಿ ಬರುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಮಾಡಿನ ಸೋರಿಕೆ ನಿಲ್ಲಿಸಿ, ಸೂರಿನಂಚಿನ ನೀರುದೋಣಿಗಳನ್ನು ಸರಿಪಡಿಸಿ, ಮಳೆನೀರು ಗೋಡೆಯಿಂದ ದೂರ ಹೋಗುವಂತೆ ಮಾಡಿ. ಬಳಿಕ ಗೋಡೆಯ ಬುಡಕ್ಕೆ ಒಟ್ಟಿದ ಮಣ್ಣನ್ನು ಹಳೆಯ ಮಟ್ಟದವರೆಗೆ ತೆಗೆಯಿರಿ. ಜಲ್ಲಿ ತುಂಬಿದ ಚರಂಡಿ ಬೇಕೆನಿಸಿದರೆ ಅದನ್ನು ತಳಪಾಯದ ತಳಕ್ಕಿಂತ ಆಳಕ್ಕೆ ಎಂದೂ ಒಯ್ಯಬಾರದು, ಒಂದೇ ಸಲ ಗೋಡೆಯುದ್ದಕ್ಕೂ ಅಗೆಯಲೂ ಬಾರದು; ತುಂಡು ತುಂಡಾಗಿ ಅಗೆದು ಮುಚ್ಚುತ್ತ ಹೋಗಬೇಕು. ಆಮೇಲೆ ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿ, ನೆಲಮಾಳಿಗೆಯ ಕಂಡಿಗಳನ್ನು ತೆರೆದು, ಗೋಡೆಯನ್ನು ಕನಿಷ್ಠ ಒಂದು ಪೂರ್ತಿ ಬೇಸಿಗೆ ಹಾಗೆಯೇ ಒಣಗಲು ಬಿಡಿ. ಬರಿಗೋಡೆಯ ಮನೆಯನ್ನು ನೋಡಿ ನೆರೆಯವರು ಕೆಲಸ ನಿಂತಿತೆಂದು ಭಾವಿಸಿದರೂ ಚಿಂತೆಯಿಲ್ಲ. ಹೆಚ್ಚಿನ ದುರಸ್ತಿಗಳು ಹಾಳಾಗುವುದು ಈ ಒಂದು ಬೇಸಿಗೆಯನ್ನು ಕಾಯದೆ ಇದ್ದುದರಿಂದ.

ಐದನೆಯ ಹೆಜ್ಜೆ: ಮಾಡು ಮತ್ತು ಹೆಂಚು

ಈ ಹೆಂಚುಗಳು ಚಪ್ಪಟೆಯಾಗಿದ್ದು ತುದಿ ದುಂಡಗೆ ಅಥವಾ ಚೂಪಾಗಿರುತ್ತದೆ. ಬೀವರ್ ಎಂಬ ಪ್ರಾಣಿಯ ಬಾಲದಂತಿರುವುದರಿಂದ ಜರ್ಮನ್ ಭಾಷೆಯಲ್ಲಿ ಅದಕ್ಕೆ ಬೀಬರ್‌ಷ್ವಾಂಟ್ಸ್ ಎಂದು ಹೆಸರು. ಹಿಂಬದಿಯ ಚಿಕ್ಕ ಮೂಗಿನಿಂದ ರೀಪಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚುಗಳು ಬಂದು ಕುಂಬಾರನ ನಾಡಹೆಂಚು ಹಿಂದೆ ಸರಿದಂತೆ, ಅಲ್ಲಿಯೂ ಯಂತ್ರದ ಹೆಂಚುಗಳು ಬಂದು ಕೈಹೆಂಚಿನ ಭಟ್ಟಿಗಳು ಆರಿಹೋದವು.

ಕೈಹೆಂಚೊಂದನ್ನು ಕೈಗೆತ್ತಿಕೊಂಡು ನೋಡಿ. ಹಸಿಯಿದ್ದಾಗ ಕುಶಲಕರ್ಮಿ ಬೆರಳುಗಳಿಂದ ಎಳೆದ ಗೀರುಗಳು ಉದ್ದಕ್ಕೂ ಕಾಣುತ್ತವೆ. ಮೇಲೆ ಬಿದ್ದ ನೀರನ್ನು ಆ ಗೀರುಗಳು ಕೆಳಕ್ಕೆ ಒಯ್ಯುತ್ತವೆ. ಕೆಲವುಗಳ ಮೇಲೆ ವರ್ಷ, ಸೂರ್ಯನ ಚಿತ್ರ, ಒಣಗಲು ಇಟ್ಟಾಗ ತುಳಿದುಹೋದ ನಾಯಿಯ ಹೆಜ್ಜೆ ಸಿಗುತ್ತದೆ. ಅಂಥವನ್ನು ಬೇರೆಯಾಗಿ ಎತ್ತಿಟ್ಟು, ಫೋಟೊ ತೆಗೆದು, ಮತ್ತೆ ಅದೇ ಮಾಡಿಗೆ ಸೇರಿಸಿ. ಪ್ರವಾಸದ ನೆನಪಿಗೆಂದು ಮನೆಗೆ ಒಯ್ಯಬೇಡಿ.

ಹೆಂಚು ಇಳಿಸುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನಂತೆ ಠಣ್ ಎಂದರೆ ಗಟ್ಟಿಯಿದೆ, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ. ಗಟ್ಟಿ ಹೆಂಚುಗಳನ್ನು ಬೀದಿಗೆ ಕಾಣುವ ಇಳಿಜಾರಿಗೆ ಮತ್ತು ಮಳೆಗಾಳಿ ಹೊಡೆಯುವ ಬದಿಗೆ ಮೀಸಲಿಡಿ. ಕಡಿಮೆ ಬಿದ್ದರೆ ಕುಸಿದ ಕಣಜಗಳಿಂದ ಸಿಕ್ಕ ಹಳೆಯ ಹೆಂಚನ್ನು ಬಳಸಿ. ಸಾಂಪ್ರದಾಯಿಕ ರೀತಿಯಲ್ಲಿ ಹೆಂಚು ಮತ್ತು ಇಟ್ಟಿಗೆ ಸುಡುವ ಭಟ್ಟಿಯೊಂದನ್ನು ಆಪೋಶ್ ಎಂಬ ಹಳ್ಳಿಯಲ್ಲಿ ಮತ್ತೆ ನಡೆಸಲಾಗಿದೆ. ಹೊಸ ಹೆಂಚನ್ನು ಹಳೆಯದರ ನಡುವೆ ಅಲ್ಲಲ್ಲಿ ಚೆದುರಿಸಿ ಹಾಕಿ, ತೇಪೆಯಂತೆ ಒಂದೇ ಕಡೆ ಹಾಕಬೇಡಿ.

ಪಕಾಸಿ ಮತ್ತು ತೊಲೆಗಳಲ್ಲಿ ಕೊಳೆತದ್ದು ಸಾಮಾನ್ಯವಾಗಿ ಗೋಡೆಯ ಮೇಲೆ ಕೂರುವ ತುದಿ ಮಾತ್ರ. ಅಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರವನ್ನು ಓರೆ ಕೂಟದಿಂದ ಸೇರಿಸಿ ಮರದ ಗೂಟ ಬಡಿದರೆ ಉಳಿದ ಓಕ್ ತೊಲೆ ಇನ್ನೂ ಹಲವು ತಲೆಮಾರು ಬಾಳುತ್ತದೆ. ತಗಡಿನ ಮಾಡು ಅಗ್ಗವಾಗಿ ಕಂಡರೂ ಅದಕ್ಕೆ ಮನಸ್ಸು ಕೊಡಬೇಡಿ: ಅಟ್ಟದ ಬಿಸಿ ಗಾಳಿಯ ತೇವ ತಣ್ಣನೆಯ ತಗಡಿನ ಒಳಮೈಗೆ ತಾಗಿ ಹನಿಯಾಗುತ್ತದೆ, ಹೆಂಚಿನ ಸಂದುಗಳಲ್ಲಾದರೆ ಅದು ಸುಮ್ಮನೆ ಹೊರಗೆ ಹೋಗುತ್ತಿತ್ತು.

ಆರನೆಯ ಹೆಜ್ಜೆ: ಸುಣ್ಣದ ಗಾರೆ

ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಗಾಣದಲ್ಲಿ ಅರೆದ ನಮ್ಮ ಹಳೆಯ ಗಾರೆಯನ್ನು ಬಲ್ಲವರಿಗೆ ಈ ಹಂತ ಬೇಗ ಕೈಹತ್ತುತ್ತದೆ. ಅಲ್ಲಿ ಆ ಬೆರಕೆಗಳಿಲ್ಲ ಮತ್ತು ಹಿಮದ ಭಯವಿದೆ ಎಂಬುದಷ್ಟೇ ವ್ಯತ್ಯಾಸ.

ಸುಟ್ಟ ಸುಣ್ಣದ ಕಲ್ಲನ್ನು ಅಂಗಳದ ಗುಂಡಿಯಲ್ಲಿ ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಕನಿಷ್ಠ ಮೂರು ತಿಂಗಳು ಮಾಗಲು ಬಿಡಬೇಕು. ಮಾಗಿದ ಸುಣ್ಣ ಬೆಣ್ಣೆಯಂತೆ ಕರಣೆಗೆ ಅಂಟುತ್ತದೆ.

ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ, ಮೂಲೆ ಚೂಪಾದ ಮರಳು ಸಾಕು. ನೀರು ಹೆಚ್ಚಿಸುವ ಆಸೆಯನ್ನು ತಡೆದುಕೊಂಡು ಚೆನ್ನಾಗಿ ತುಳಿದು, ಬಡಿದು ಹದ ಮಾಡಿ. ಗೋಡೆಯ ಧೂಳು ಗುಡಿಸಿ, ಹಿಂದಿನ ಸಂಜೆಯೂ ಕೆಲಸದ ಮುಂಚೆಯೂ ನೀರು ಚಿಮುಕಿಸಿ. ಒಂದು ಪದರ 10ರಿಂದ 15 ಮಿಲಿಮೀಟರಿಗಿಂತ ದಪ್ಪವಾಗದಿರಲಿ. ಮೊದಲ ಪದರ ಬಿಗಿಯುವ ಮುನ್ನ ಅದರ ಮೇಲೆ ಗೀರು ಹಾಕಿ, ಒಂದೆರಡು ವಾರದ ನಂತರ ಎರಡನೆಯದನ್ನು ಹಚ್ಚಿ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತೇವ ಬೇಕು. ಆದ್ದರಿಂದ ಹಚ್ಚಿದ ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲು ಮತ್ತು ಬಿರುಗಾಳಿಯಿಂದ ಕನಿಷ್ಠ ಒಂದು ವಾರ ಕಾಪಾಡಿ. ತಾಪಮಾನ 5 ಡಿಗ್ರಿಗಿಂತ ಇಳಿಯುವ ದಿನಗಳಲ್ಲಿ ಈ ಕೆಲಸ ಸಲ್ಲದು. ಟ್ರಾನ್ಸಿಲ್ವೇನಿಯಾದಲ್ಲಿ ಅಕ್ಟೋಬರಿನ ರಾತ್ರಿಗಳಲ್ಲೇ ಹಿಮ ಬೀಳಬಹುದಾದ್ದರಿಂದ ಮೇ ತಿಂಗಳಲ್ಲಿ ಆರಂಭಿಸಿ ಸೆಪ್ಟೆಂಬರಿನ ಆರಂಭಕ್ಕೆ ಗಾರೆಯನ್ನು ಮುಗಿಸುವಂತೆ ಲೆಕ್ಕ ಹಾಕಿಕೊಳ್ಳಿ.

ಹಳೆಯ ಗಾರೆಯಲ್ಲಿ ಗಟ್ಟಿಯಾಗಿ ನಿಂತದ್ದನ್ನು ಒಂದಂಗುಲವೂ ಕೆಡವಬೇಡಿ. ಉಬ್ಬು ಅಕ್ಷರಗಳ ಸುತ್ತ ಸಡಿಲಾದ ಅಂಚುಗಳನ್ನು ತೆಳುಸುಣ್ಣ ಒಳಬಿಟ್ಟು ಹಿಡಿಸಬಹುದು.

ಬಣ್ಣಕ್ಕೆ ಸುಣ್ಣದ ತಿಳಿಯೇ ಸಾಕು, ಹಾಲಿನಷ್ಟು ತೆಳ್ಳಗೆ, ನಾಲ್ಕರಿಂದ ಐದು ಸಲ, ಪ್ರತಿ ಸಲ ಗೋಡೆ ಒದ್ದೆ ಮಾಡಿ, ನಡುವೆ ಒಂದು ದಿನ ಬಿಟ್ಟು. ಸುಣ್ಣಕ್ಕೆ ಕೆಡದ ಖನಿಜ ಬಣ್ಣವನ್ನು ಸುಣ್ಣದ ತೂಕದ ಶೇಕಡ 10ರ ಒಳಗೇ ಬೆರೆಸಿ. ಒದ್ದೆಯಲ್ಲಿ ಕಡುವಾಗಿ ಕಾಣುವ ನೀಲಿ ಒಣಗಿದ ಮೇಲೆ ಬಹಳ ತೆಳುವಾಗುತ್ತದೆ. ಅದಕ್ಕಾಗಿ ಮೊದಲೇ ಹಿಂಬದಿಯ ಗೋಡೆಯಲ್ಲಿ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಪೇಂಟು ಹಚ್ಚಿದರೆ ನಾಲ್ಕನೆಯ ಹೆಜ್ಜೆಯಿಂದ ಇಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲಾಗುತ್ತದೆ.

ಏಳನೆಯ ಹೆಜ್ಜೆ: ಕಿಟಕಿ, ಒಲೆ, ಬಾಗಿಲು

ಹಳೆಯ ಕಿಟಕಿಗಳು ಜೋಡಿ: ಹೊರಗೊಂದು, ಒಳಗೊಂದು, ನಡುವೆ ಗಾಳಿಯ ಪೆಟ್ಟಿಗೆ. ಸಂದುಗಳನ್ನು ಸರಿಪಡಿಸಿ, ಅಗಸೆ ಎಣ್ಣೆಯ ಲಪ್ಪದಿಂದ ಗಾಜು ಕೂರಿಸಿದರೆ ಚಳಿಯನ್ನು ಅವು ಚೆನ್ನಾಗಿಯೇ ತಡೆಯುತ್ತವೆ. ಮಣ್ಣಿನ ಬಿಲ್ಲೆಗಳ ದೊಡ್ಡ ಒಲೆಯನ್ನು ಬಿಚ್ಚಬೇಕಾಗಿ ಬಂದರೆ ಪ್ರತಿ ಬಿಲ್ಲೆಗೂ ಅಂಕೆ ಹಾಕಿ ಬಿಚ್ಚಿ. ಹೆಬ್ಬಾಗಿಲಿನ ಕಬ್ಬಿಣದ ಕೀಲುಗಳನ್ನು ಊರಿನ ಕಮ್ಮಾರನಿಂದಲೇ ದುರಸ್ತಿ ಮಾಡಿಸಿ.

ಕೈಕೆಲಸ ಕಲಿಯಬಯಸುವವರಿಗೆ ಅಲ್ಲಿ ದಾರಿಗಳಿವೆ. 1987ರಲ್ಲಿ ಸ್ಥಾಪನೆಯಾದ ಮಿಹಾಯ್ ಎಮಿನೆಸ್ಕು ಟ್ರಸ್ಟ್ ವಿಸ್ಕ್ರಿ ಮತ್ತು ಸುತ್ತಲಿನ ಊರುಗಳಲ್ಲಿ ಮನೆಗಳ ಮುಂಭಾಗ ಮತ್ತು ಮಾಡುಗಳನ್ನು ಸ್ಥಳೀಯ ಕುಶಲಕರ್ಮಿಗಳಿಂದಲೇ ದುರಸ್ತಿ ಮಾಡಿಸಿತು. 2016ರಲ್ಲಿ ಆರಂಭವಾದ ಆಂಬುಲನ್ಸ್ ಫಾರ್ ಮಾನ್ಯುಮೆಂಟ್ಸ್ ಎಂಬ ತಂಡವು ಉಪಕರಣ ತುಂಬಿದ ವಾಹನದಲ್ಲಿ ಹೋಗಿ, ಕುಸಿಯುವ ಸ್ಥಿತಿಯ ಕಟ್ಟಡಗಳಿಗೆ ತುರ್ತು ದುರಸ್ತಿ ಮಾಡುತ್ತದೆ. ವಿದ್ಯಾರ್ಥಿಗಳನ್ನೂ ಸ್ವಯಂಸೇವಕರನ್ನೂ ಸೇರಿಸಿಕೊಳ್ಳುತ್ತದೆ. ಸಿಬಿಯು ಪಟ್ಟಣದ ಹೊರಗಿನ ಆಸ್ಟ್ರಾ ಬಯಲು ವಸ್ತುಸಂಗ್ರಹಾಲಯವನ್ನು ಮೊದಲೇ ಒಂದು ದಿನ ಸುತ್ತಿದರೆ ಮರದ ಕೂಟಗಳ ಪರಿಚಯವಾಗಿರುತ್ತದೆ.

ಕೊನೆಯ ಸುಣ್ಣ ಒಣಗಿದ ಮೇಲೆ ದುರಸ್ತಿಯ ವರ್ಷವನ್ನು ಬರೆಯಬೇಕೆಂದಿದ್ದರೆ, ಮುಂಭಾಗದ ಹಳೆಯ ಇಸವಿಯನ್ನು ಮುಟ್ಟದೆ, ಅದರ ಕೆಳಗೆ ಚಿಕ್ಕ ಅಂಕೆಗಳಲ್ಲಿ ಬರೆಯಿಸಿ. ಬಳಸಿದ ಮರಳು ಯಾವ ತೊರೆಯದು, ಬಣ್ಣದ ಅಳತೆ ಎಷ್ಟು ಎಂಬ ವಿವರವನ್ನು ಹಾಳೆಯೊಂದರಲ್ಲಿ ಬರೆದು ಮನೆಯವರಿಗೆ ಕೊಡಿ. ಗುಂಡಿಯಲ್ಲಿ ಉಳಿದ ಸುಣ್ಣದ ಮೇಲೆ ನೀರು ನಿಲ್ಲಿಸಿ, ಹಲಗೆ ಮತ್ತು ಮಣ್ಣು ಮುಚ್ಚಿ ಹಿಮದಿಂದ ಕಾಪಾಡಿ; ಮುಂದಿನ ಮೇ ತಿಂಗಳಲ್ಲಿ ಪಕ್ಕದ ಮನೆಯ ಗೋಡೆಗೆ ಅದು ಬೇಕಾಗುತ್ತದೆ.